ಬೇಗೂರಿನ ಕಲ್ಲುಗಳು

ಇಂಗ್ಲೆಂಡಿನ ಹಳ್ಳಿಗಳ ಹಳೇ ಚರ್ಚುಗಳಿಗೆ ಹೋದರೆ ಒಂದು ಗೋಡೆಯ ಮೇಲೆ ಸಾಲಾಗಿ ಹೆಸರುಗಳು ಕಾಣಿಸುತ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಆ ಊರಿನ ಹುಡುಗರು. ಕೆಲವು ಕಡೆ ಚರ್ಚಿನ ಒಂದು ಮೂಲೆಯನ್ನೇ ಸ್ಮಾರಕ ಮಾಡಿಟ್ಟಿದ್ದಾರೆ. ನಮ್ಮಲ್ಲಿ ಇಂಥದ್ದು ಎಲ್ಲಿದೆ ಅಂತ ಯಾರಾದರೂ ಕೇಳಿದರೆ ನಾನು ಬೇಗೂರಿನ ಕಡೆ ಕೈ ತೋರಿಸ್ತೀನಿ. ಹೌದು, ಬೊಮ್ಮನಹಳ್ಳಿ ದಾಟಿ, ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ನಿಮ್ಮ ಕ್ಯಾಬ್ ದಿನಾ ಸಿಕ್ಕಿಹಾಕಿಕೊಳ್ಳುವ ಟ್ರಾಫಿಕ್ಕಿನ ಪಕ್ಕದಲ್ಲೇ ಇರುವ ಬೇಗೂರು.

ಅಲ್ಲಿನ ನಾಗೇಶ್ವರ ದೇವಸ್ಥಾನ ಗಂಗರ ಕಾಲದ್ದು. ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಪುಟ್ಟ ಹಳಗನ್ನಡ ಶಾಸನ ಇದೆ. ಪತ್ತೆ ಮಾಡಿದವರು ಆರ್. ನರಸಿಂಹಾಚಾರ್. 'ಬೆಂಗಳೂರು' ಅನ್ನೋ ಹೆಸರು ನಮಗೆ ಸಿಕ್ಕಿರುವ ಅತಿ ಹಳೆಯ ಜಾಗ ಇದೇ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕತೆ ಸೊಗಸಾಗಿದೆ, ಆದರೆ ಬಲ್ಲಾಳ ಬಂದದ್ದು ಇದಾಗಿ ಸುಮಾರು ಮುನ್ನೂರು ವರ್ಷಕ್ಕೆ. ಕೆಂಪೇಗೌಡರು ಇನ್ನೂ ಆಮೇಲೆ, 1537ಕ್ಕೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದ ನನ್ನಂಥವರಿಗೆ ಊರಿನ ಜಾತಕ ಕೆದಕುವ ಚಪಲ ಸ್ವಲ್ಪ ಜಾಸ್ತಿ ಅಂತ ಕಾಣುತ್ತೆ.

ಆ ಕಲ್ಲು ಊರನ್ನು ಹೊಗಳೋಕೆ ಕೆತ್ತಿದ್ದಲ್ಲ. ಅದು ಸಾವಿನ ಸುದ್ದಿ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಪತಿ ಸತ್ತ, ಆ ಮನೆಯ ಪೆರ್ವೋಣಸೆಟ್ಟಿಯೂ ಸತ್ತ. ನಗರದ ಹೆಸರು ಬರಹದಲ್ಲಿ ಹುಟ್ಟಿದ್ದೇ ಎರಡು ಹೆಣಗಳ ಜೊತೆ.

ನಾಗತ್ತರ ಯಾರು? ಗಂಗರ ಕೈಕೆಳಗಿನ ಇಲ್ಲಿಯ ನಾಯಕ. ದೊರೆ ಎರೆಯಪ್ಪನ ಅಪ್ಪಣೆ ಬಂತು, ಅಯ್ಯಪದೇವನ ಬೆಂಬಲಕ್ಕೆ ಹೋಗಿ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದ ಜೊತೆ ಕಾದಾಡಿ ಅವನೂ ಸತ್ತ. ಅವನ ವೀರಗಲ್ಲು ಮಾತ್ರ ಭರ್ಜರಿ. ಸಾಮಾನ್ಯ ವೀರಗಲ್ಲು ಅಂದರೆ ಕೆಳಗೆ ಕಾಳಗ, ನಡುವೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ; ಇದರಲ್ಲಿ ಕಣ್ಣಿಗೆ ರಾಚೋದು ಯುದ್ಧವೇ. ಜೊತೆಗೆ ಲೆಕ್ಕಾಚಾರವೂ ಇದೆ: ನಾಗತ್ತರನ ಸಾವಿನ ನಂತರ ಇರುಗ ಅನ್ನುವವನಿಗೆ ನಾಗತ್ತರ ಪಟ್ಟ ಕಟ್ಟಿ, 'ಬೆಂಪೂರು ಹನ್ನೆರಡು' ಅನ್ನುವ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟರು. ಬೆಂಪೂರು ಅಂದರೆ ಬೇಗೂರು. ನಮ್ಮ ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪೋಸ್ಟ್ ಖಾಲಿ ಬಿಡಲಿಲ್ಲ, ಪರಿಹಾರವೂ ಸಿಕ್ಕಿತು.

ಆ ದೊಡ್ಡ ಕಲ್ಲು ಈಗ ಬೇಗೂರಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಬಂದಿದೆ. ಸುರಕ್ಷಿತವಾಗಿದೆ, ನಿಜ. ಆದರೆ ಅಪ್ಪನ ಕಲ್ಲು ಪೇಟೆಯಲ್ಲಿ, ಮಗನದ್ದು ಹಳ್ಳಿಯಲ್ಲಿ ಅನ್ನೋ ಹಾಗಾಗಿ ಮನೆ ಒಡೆದಂತೆ ಅನಿಸುತ್ತೆ ನನಗೆ. ಇಂಗ್ಲೆಂಡಿನ ಹಳ್ಳಿಯವರು ಆ ಹೆಸರಿನ ಫಲಕವನ್ನು ಚರ್ಚಿನಿಂದ ಕಿತ್ತು ಲಂಡನ್ನಿಗೆ ಕೊಡ್ತಾರಾ?

ಬೇಗೂರಿನಲ್ಲಿ ಇದೇ ಮನೆಯ ಇನ್ನೊಂದು ಶಾಸನವೂ ಸಿಕ್ಕಿದೆ. ಅದರಲ್ಲಿ ಯುದ್ಧವಿಲ್ಲ. ನಾಗತ್ತರನ ಮಗಳು ತೊಂಡಬ್ಬೆ, ಅನ್ನ ನೀರು ಬಿಟ್ಟು, ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟಳು ಅನ್ನೋದಷ್ಟೇ ಅದರ ಸುದ್ದಿ.