ಆವೃತ್ತಿ ನಿಯಂತ್ರಣದಲ್ಲಿ ಹಳೆಯ ಪರಿಷ್ಕರಣೆಗಳ ಅಳಿಸುವಿಕೆ

ಹಳೆಯ ಪರಿಷ್ಕರಣೆಗಳ ಅಳಿಸುವಿಕೆ ಎಂದರೆ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಭಂಡಾರದಲ್ಲಿ ಸಂಗ್ರಹವಾಗಿರುವ ಕಡತದ ಹಿಂದಿನ ರೂಪಗಳನ್ನು ಶಾಶ್ವತವಾಗಿ ತೆಗೆದುಹಾಕುವ ಕ್ರಿಯೆ. ಇದು ಕಡತವನ್ನು ಅಳಿಸುವುದಕ್ಕಿಂತ ಭಿನ್ನವಾದುದು. ಕಡತವನ್ನು ಅಳಿಸಿದರೆ ಅದು ಮುಂದಿನ ಪರಿಷ್ಕರಣೆಗಳಲ್ಲಿ ಮಾತ್ರ ಕಾಣಿಸುವುದಿಲ್ಲ. ಹಿಂದಿನವುಗಳಲ್ಲಿ ಯಥಾವತ್ತಾಗಿ ಉಳಿದಿರುತ್ತದೆ. ಭಂಡಾರವನ್ನು ಓದಬಲ್ಲ ಯಾರಾದರೂ ಅದನ್ನು ಮರಳಿ ಪಡೆಯಬಹುದು. ಇತಿಹಾಸವನ್ನು ಕಾಪಾಡುವುದೇ ಈ ವ್ಯವಸ್ಥೆಗಳ ಮೂಲ ಉದ್ದೇಶವಾದುದರಿಂದ, ಅದರ ಒಂದು ಭಾಗವನ್ನು ಅಳಿಸುವುದು ಅಪವಾದದ ಕ್ರಮವೆಂದೇ ಪರಿಗಣಿತವಾಗಿದೆ.

ಕಾರಣಗಳು

ಗುಪ್ತಪದ, ಖಾಸಗಿ ಕೀಲಿ ಅಥವಾ ವ್ಯಕ್ತಿಗಳ ಖಾಸಗಿ ಮಾಹಿತಿ ಆಕಸ್ಮಿಕವಾಗಿ ಭಂಡಾರವನ್ನು ಸೇರುವುದು ಮುಖ್ಯ ಕಾರಣ. ಚಿತ್ರ, ವಿಡಿಯೊ ಮುಂತಾದ ದೊಡ್ಡ ಕಡತಗಳ ಹಳೆಯ ಪ್ರತಿಗಳು ಸ್ಥಳವನ್ನು ಆಕ್ರಮಿಸುವುದು, ಪರವಾನಗಿಯಿಲ್ಲದ ಸಂಕೇತ ಸೇರಿಕೊಳ್ಳುವುದು ಇತರ ಕಾರಣಗಳು.

ಆರಂಭದ ವ್ಯವಸ್ಥೆಗಳು

ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ 1972ರಲ್ಲಿ ರೂಪಿಸಿದ ಎಸ್‌ಸಿಸಿಎಸ್‌ನಲ್ಲಿ ‘ಆರ್‌ಎಂಡೆಲ್’ ಎಂಬ ಆದೇಶವಿದೆ. ಇದು ಒಂದು ಕವಲಿನ ತುದಿಯಲ್ಲಿರುವ ಇತ್ತೀಚಿನ ಬದಲಾವಣೆಯನ್ನು ಮಾತ್ರ ತೆಗೆಯಬಲ್ಲದು.

ವಾಲ್ಟರ್ ಟಿಚಿ 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಚಿಸಿದ ಆರ್‌ಸಿಎಸ್, ‘-ಒ’ ಆಯ್ಕೆಯ ಮೂಲಕ ನಡುವಿನ ಪರಿಷ್ಕರಣೆಗಳನ್ನೂ ಅಳಿಸುತ್ತದೆ. ಈ ವ್ಯವಸ್ಥೆಯ ಮುಖ್ಯ ಕವಲಿನಲ್ಲಿ ಇತ್ತೀಚಿನ ರೂಪ ಪೂರ್ಣವಾಗಿರುತ್ತದೆ. ಹಳೆಯ ರೂಪಗಳು ಅದರಿಂದ ಹಿಮ್ಮುಖವಾಗಿ ಲೆಕ್ಕಹಾಕಿದ ವ್ಯತ್ಯಾಸಗಳಾಗಿ ಉಳಿದಿರುತ್ತವೆ. ಆದ್ದರಿಂದ 1.3ನ್ನು ಅಳಿಸುವಾಗ 1.4ರಿಂದ ನೇರವಾಗಿ 1.2ನ್ನು ಪಡೆಯುವ ಹೊಸ ವ್ಯತ್ಯಾಸವನ್ನು ರಚಿಸಬೇಕಾಗುತ್ತದೆ. ಉಳಿದ ಪರಿಷ್ಕರಣೆಗಳ ಸಂಖ್ಯೆಗಳು ಬದಲಾಗುವುದಿಲ್ಲ. ಕವಲುಗಳು ಹೊರಟಿರುವ ಅಥವಾ ಬೀಗ ಹಾಕಿರುವ ಪರಿಷ್ಕರಣೆಯನ್ನು ಅಳಿಸಲಾಗದು. ಆರ್‌ಸಿಎಸ್ ಕಡತ ಸ್ವರೂಪವನ್ನೇ ಬಳಸುವ ಸಿವಿಎಸ್‌ನಲ್ಲಿಯೂ ಇದೇ ಸೌಲಭ್ಯ ‘ಅಡ್ಮಿನ್’ ಆದೇಶದಲ್ಲಿದೆ.

ಕೇಂದ್ರೀಕೃತ ವ್ಯವಸ್ಥೆಗಳು

ಸಬ್‌ವರ್ಷನ್‌ನಲ್ಲಿ ಪರಿಷ್ಕರಣೆಯ ಸಂಖ್ಯೆ ಒಂದು ಕಡತಕ್ಕಲ್ಲ, ಇಡೀ ಭಂಡಾರಕ್ಕೆ ಅನ್ವಯಿಸುತ್ತದೆ. ಅನಗತ್ಯ ಕಡತವನ್ನು ಇತಿಹಾಸದಿಂದ ತೆಗೆಯಲು ನಿರ್ವಾಹಕರು ಭಂಡಾರವನ್ನು ‘ಡಂಪ್’ ರೂಪಕ್ಕೆ ಇಳಿಸಿ, ‘ಎಸ್‌ವಿಎನ್‌ಡಂಪ್‌ಫಿಲ್ಟರ್’ ಮೂಲಕ ಸೋಸಿ, ಹೊಸ ಭಂಡಾರಕ್ಕೆ ಮರಳಿ ತುಂಬುತ್ತಾರೆ. ಪರ್ಫೋರ್ಸ್‌ನಲ್ಲಿ ಇದಕ್ಕೆಂದೇ ‘ಆಬ್ಲಿಟರೇಟ್’ ಆದೇಶವಿದೆ. ಖಚಿತಪಡಿಸುವ ಆಯ್ಕೆಯನ್ನು ನೀಡದಿದ್ದರೆ ಅದು ಏನು ಅಳಿಯಲಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಅಳಿಸುವುದಿಲ್ಲ.

ಗಿಟ್

2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್‌ನಲ್ಲಿ ಪ್ರತಿಯೊಂದು ಕಮಿಟ್‌ನ ಗುರುತು ಅದರ ವಿಷಯದಿಂದಲೂ ಹಿಂದಿನ ಕಮಿಟ್‌ನ ಗುರುತಿನಿಂದಲೂ ಲೆಕ್ಕವಾಗುತ್ತದೆ. ಹೀಗಾಗಿ ಹಳೆಯದೊಂದನ್ನು ಬದಲಿಸಿದರೆ ಅದರ ನಂತರದ ಎಲ್ಲ ಕಮಿಟ್‌ಗಳ ಗುರುತುಗಳೂ ಬದಲಾಗುತ್ತವೆ. ‘ಫಿಲ್ಟರ್-ಬ್ರ್ಯಾಂಚ್’ ಎಂಬ ಹಳೆಯ ಸಾಧನದ ಬದಲು ಪ್ರತ್ಯೇಕವಾಗಿ ದೊರೆಯುವ ‘ಫಿಲ್ಟರ್-ರೆಪೊ’ವನ್ನು ಬಳಸುವಂತೆ ಗಿಟ್‌ನ ಕೈಪಿಡಿಯೇ ಸೂಚಿಸುತ್ತದೆ.

ಇತಿಹಾಸವನ್ನು ಪುನಃ ಬರೆದ ಮಾತ್ರಕ್ಕೆ ಹಳೆಯ ವಿಷಯ ಅಳಿಯುವುದಿಲ್ಲ. ‘ರೆಫ್‌ಲಾಗ್’ ದಾಖಲೆಗಳು ಅದನ್ನು ಉಲ್ಲೇಖಿಸುವವರೆಗೆ ಅದು ಉಳಿದಿರುತ್ತದೆ. ಪೂರ್ವನಿಯೋಜಿತ ವ್ಯವಸ್ಥೆಯಲ್ಲಿ ಈ ದಾಖಲೆಗಳ ಅವಧಿ 90 ದಿನಗಳು. ಕವಲಿನ ಈಗಿನ ತುದಿಯಿಂದ ತಲುಪಲಾಗದ ಕಮಿಟ್‌ಗಳಿಗೆ 30 ದಿನಗಳು. ಅನಂತರವೇ ‘ಜಿಸಿ’ ಎಂಬ ಶುಚಿಗೊಳಿಸುವ ಆದೇಶ ಅದನ್ನು ತೆಗೆಯಬಲ್ಲದು. ಅವಧಿಯನ್ನು ಕಾಯದೆ ದಾಖಲೆಗಳನ್ನು ಕೂಡಲೇ ತೆರವುಗೊಳಿಸುವುದೂ ಸಾಧ್ಯ.

ಮಿತಿಗಳು ಮತ್ತು ಮುನ್ನೆಚ್ಚರಿಕೆ

ವಿತರಿತ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ಸಹಯೋಗಿಯ ಬಳಿಯೂ ಪೂರ್ಣ ಇತಿಹಾಸದ ಪ್ರತಿ ಇರುತ್ತದೆ. ಮೂಲ ಭಂಡಾರದಲ್ಲಿ ಮಾಡಿದ ಅಳಿಸುವಿಕೆ ಆ ಪ್ರತಿಗಳನ್ನು ತಲುಪುವುದಿಲ್ಲ. ಹಳೆಯ ಪ್ರತಿಯನ್ನು ಹೊಂದಿರುವ ಒಬ್ಬರು ತಮ್ಮ ಕೆಲಸವನ್ನು ಅದರೊಂದಿಗೆ ಬೆಸೆದು ಮರಳಿ ಕಳುಹಿಸಿದರೆ, ಅಳಿಸಿದ ವಿಷಯ ಮತ್ತೆ ಮೂಲವನ್ನು ಸೇರಬಹುದು. ಆದ್ದರಿಂದ ಎಲ್ಲ ಸಹಯೋಗಿಗಳಿಗೂ ತಿಳಿಸಿ, ಹೊಸದಾಗಿ ಪ್ರತಿ ಪಡೆಯುವಂತೆ ಕೋರಬೇಕಾಗುತ್ತದೆ. ಕೆಲಸ ಆರಂಭಿಸುವ ಮೊದಲು ಬ್ಯಾಕಪ್ ತೆಗೆದಿಡುವುದು ರೂಢಿ. ಆದರೆ ಆ ಬ್ಯಾಕಪ್‌ನಲ್ಲಿಯೂ ಅದೇ ರಹಸ್ಯ ಇರುವುದರಿಂದ ಕೆಲಸ ಪರಿಶೀಲಿಸಿದ ಬಳಿಕ ಅದನ್ನೂ ನಾಶಪಡಿಸಬೇಕು.

ಒಮ್ಮೆ ಹೊರಬಿದ್ದ ಗುಪ್ತಪದವನ್ನು ಯಾರಾದರೂ ಈಗಾಗಲೇ ನಕಲಿಸಿಕೊಂಡಿರಬಹುದು. ಈ ಕಾರಣದಿಂದ ಮೊದಲು ಗುಪ್ತಪದ ಅಥವಾ ಕೀಲಿಯನ್ನು ರದ್ದುಪಡಿಸಿ ಬದಲಾಯಿಸಬೇಕು. ಇತಿಹಾಸದಿಂದ ಅಳಿಸುವುದು ಅನಂತರದ ಕೆಲಸ. ವ್ಯಕ್ತಿಗಳ ಖಾಸಗಿ ಮಾಹಿತಿಯನ್ನು ಹೀಗೆ ಬದಲಾಯಿಸಲು ಬರುವುದಿಲ್ಲವಾದುದರಿಂದ, ಅದು ಭಂಡಾರವನ್ನು ಸೇರದಂತೆ ತಡೆಯುವುದೇ ಪರಿಣಾಮಕಾರಿ ಕ್ರಮ.