ಒಂದು ಅಕ್ಷರ, ಎರಡು ವಿಳಾಸ

1971ರಲ್ಲಿ ಕೇರಳ ಸರ್ಕಾರ ಮಲಯಾಳಂ ಲಿಪಿಯನ್ನು ಟೈಪ್‌ರೈಟರ್‌ಗೆ ಹೊಂದುವಂತೆ ಬದಲಿಸಿತು. ವ್ಯಂಜನಕ್ಕೆ ಅಂಟಿಕೊಂಡಿದ್ದ ಉಕಾರ, ಊಕಾರ, ಋಕಾರಗಳು ಕಳಚಿ ಪಕ್ಕಕ್ಕೆ ನಿಂತವು. ಎಷ್ಟೋ ಒತ್ತಕ್ಷರಗಳು ಒಡೆದು ನಡುವೆ ಚಂದ್ರಕ್ಕಲ ಬಂತು. ಪಠ್ಯಪುಸ್ತಕಗಳೂ ಇದೇ ದಾರಿ ಹಿಡಿದವು. ಕೊಚ್ಚಿಯಲ್ಲಿ ಬೋರ್ಡು ಓದುತ್ತ ನಡೆದರೆ ಒಂದೇ ಉಕಾರ ಇಂದಿಗೂ ಎರಡು ರೂಪದಲ್ಲಿ ಎದುರಾಗುತ್ತದೆ.

ಕಂಪ್ಯೂಟರಿಗೆ ಕೀಲಿಗಳ ಆ ಬಡತನವಿಲ್ಲ. ತಿರುವನಂತಪುರದ ಭಾಷಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಆರ್. ಚಿತ್ರಜಕುಮಾರ್ ಇದನ್ನೇ ಹಿಡಿದು ವಾದಿಸಿದರು. 1999ರಲ್ಲಿ 'ರಚನ' ಚಳವಳಿ ಶುರುವಾಯಿತು; ಕೆ.ಎಚ್. ಹುಸೇನ್ ಹಳೆಯ ಲಿಪಿಯ ಫಾಂಟ್ ಬಿಡಿಸಿದರು.

ಆದರೆ ಫಾಂಟ್ ಇದ್ದರೆ ಸಾಲದು. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ಆಕಾರ ಎಂದು ಲೆಕ್ಕ ಹಾಕುವುದು ಪ್ಯಾಂಗೊ, ಹಾರ್ಫ್‌ಬಜ್‌ನಂಥ ಲೈಬ್ರರಿಗಳು. ಇವು ಸಿ, ಸಿ++ನಲ್ಲಿವೆ. ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆಯ ಪ್ರೋಗ್ರಾಮು ಪ್ಯಾಂಗೊ ಬಳಸಬೇಕಾದರೆ ನಡುವೆ 'ಬೈಂಡಿಂಗ್' ಬೇಕು, ಅಂದರೆ ದುಭಾಷಿ. ಲೈಬ್ರರಿ ಬದಲಾದಾಗ ದುಭಾಷಿಯೂ ಪಾಠ ತಿದ್ದಿಕೊಳ್ಳಬೇಕು. ಅನುವಾದಕಿಯಾದ ನನಗೆ ಈ ಕೆಲಸದ ಮೇಲೆ ಸಹಜವಾದ ಮಮತೆ. ಆದರೆ ದುಭಾಷಿ ಎಷ್ಟೇ ನಿಷ್ಠನಾಗಿರಲಿ, ಕೆಳಗಿನವನು ತಪ್ಪು ಬರೆದರೆ ತೆರೆಯ ಮೇಲೂ ತಪ್ಪೇ. 2002ರಲ್ಲಿ ಹುಟ್ಟಿದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್'ನ ಸ್ವಯಂಸೇವಕರು ಆ ಕೆಳಗಿನ ಪದರಕ್ಕೇ ಇಳಿದು ತಿದ್ದಿದರು.

ದೊಡ್ಡ ಜಗಳ ಬಂದದ್ದು ಚಿಲ್ಲು ಅಕ್ಷರಗಳಿಂದ. ಸ್ವರದ ನೆರವಿಲ್ಲದೆ ನಿಲ್ಲುವ ನ್, ಲ್, ರ್ ಮುಂತಾದವಕ್ಕೆ ಮಲಯಾಳಂನಲ್ಲಿ ಬೇರೆಯೇ ಆಕಾರ. ಮೊದಲು ಇವನ್ನು ವ್ಯಂಜನ, ಚಂದ್ರಕ್ಕಲ ಮತ್ತು ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿಸಿ ಬರೆಯುತ್ತಿದ್ದರು. (ನಾವು 'ರ‍್ಯಾಂಕ್' ಬರೆಯುವಾಗಲೂ ಅದೇ ಚಿಹ್ನೆ ಬಳಸುತ್ತೇವೆ.) ಆ ಚಿಹ್ನೆ ಬಿದ್ದುಹೋದರೆ 'ವನ್‌ಯವನಿಕ', ಅಂದರೆ ದೊಡ್ಡ ಪರದೆ, 'ವನ್ಯವನಿಕ' ಎಂಬ ಕಾಡಾಗುತ್ತದೆ! ಹಾಗಾಗಿ ಪ್ರತ್ಯೇಕ ಸಂಕೇತ ಬೇಕೆಂದು ಒಂದು ಪಕ್ಷ. ಒಂದೇ ಅಕ್ಷರಕ್ಕೆ ಎರಡು ಸಂಕೇತವಾದರೆ ಹುಡುಕಿದ್ದು ಸಿಗದು, ಹಳೆಯ ಬರಹವೆಲ್ಲ ಅನಾಥ ಎಂದು ಸ್ವತಂತ್ರ ಮಲಯಾಳಂ ಬಳಗ.

2008ರ ಯೂನಿಕೋಡ್ 5.1 ಆರು ಚಿಲ್ಲುಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿತು. ವಿರೋಧಿಸಿದವರ ಮಾತಿನಲ್ಲಿ ತೂಕವಿತ್ತು ಎಂದೇ ನನ್ನ ಅನಿಸಿಕೆ: ಹಳೆಯದು ಅಳಿಯಲಿಲ್ಲ, ಹೊಸದು ಪಕ್ಕಕ್ಕೆ ಬಂತು. ಇವತ್ತಿಗೂ ಮಲಯಾಳಂ ಪದ ಹುಡುಕುವ ಪ್ರೋಗ್ರಾಮು, ಅದು ಯಾವ ಭಾಷೆಯಲ್ಲೇ ಇರಲಿ, ಮೊದಲು ಎರಡೂ ಬಗೆಯ ಚಿಲ್ಲುಗಳನ್ನು ಒಂದಾಗಿಸಿಕೊಂಡೇ ಮುಂದೆ ಹೋಗಬೇಕು.