ಕರಾಚಿಯಿಂದ ಮುಂಬೈಗೆ ಎಷ್ಟು ಹೊತ್ತು?

ಕಳೆದ ವರ್ಷ ಆನ್‌ಲೈನ್ ವಿಚಾರಗೋಷ್ಠಿಯೊಂದರ ಕೊನೆಗೆ ಕರಾಚಿಯ ಸಂಶೋಧಕಿಯೊಬ್ಬರು ಕೇಳಿದರು: "ಈ ಬಳ್ಳಾರಿ ಎಲ್ಲಿದೆ?" ವಿಮಾನ ಟಪಾಲಿನ ನಕ್ಷೆಯಲ್ಲಿ ಅವರೂರಿನಿಂದ ಹೊರಟ ಗೆರೆ ಬಳ್ಳಾರಿಯನ್ನು ಮುಟ್ಟಿ ಮದ್ರಾಸಿಗೆ ಹೋಗಿತ್ತು. ಅಂಚೆಯ ಇತಿಹಾಸವನ್ನೇ ಪಿಎಚ್.ಡಿ.ಗೆ ಆರಿಸಿಕೊಂಡಿರುವ ಬಳ್ಳಾರಿಯವನು ನಾನು. ಗೆರೆ ಗೊತ್ತಿತ್ತು, ಅದರ ಉದ್ದವನ್ನು ಮಾತ್ರ ಎಂದೂ ಯೋಚಿಸಿರಲಿಲ್ಲ.

1929ರಲ್ಲಿ ಲಂಡನ್–ಕರಾಚಿ ವಿಮಾನ ಸೇವೆ ಶುರುವಾಯಿತು. ಕರಾಚಿಗೆ ಬಂದಿಳಿದ ಟಪಾಲನ್ನು ದಕ್ಷಿಣಕ್ಕೆ ಒಯ್ಯುವ ಕೆಲಸವನ್ನು ಮುಂದೆ ಟಾಟಾ ಸಂಸ್ಥೆ ವಹಿಸಿಕೊಂಡಿತು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಆರೂವರೆಯ ಸುಮಾರಿಗೆ ಜೆ.ಆರ್.ಡಿ. ಟಾಟಾ 'ಪುಸ್ ಮಾತ್' ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಟಪಾಲು ಚೀಲಗಳೊಂದಿಗೆ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿಳಿದು, ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲ್ ತುಂಬಿಸಿಕೊಂಡು, ಮಧ್ಯಾಹ್ನ ಎರಡರೊಳಗೆ ಮುಂಬೈಯ ಜುಹುವಿನಲ್ಲಿದ್ದರು. ಒಟ್ಟು ಏಳು ಗಂಟೆ ಚಿಲ್ಲರೆ. ಅಲ್ಲಿಂದ ನೆವಿಲ್ ವಿನ್ಸೆಂಟ್ ಚೀಲಗಳನ್ನು ಹೊತ್ತು ಬಳ್ಳಾರಿಗೆ ಹಾರಿ, ರಾತ್ರಿ ತಂಗಿ, ಮರುದಿನ ಮದ್ರಾಸು ಸೇರಿದರು. ಬೆಳಿಗ್ಗೆ ಕರಾಚಿಯಲ್ಲಿದ್ದ ಕಾಗದ ಅಂದೇ ಬಳ್ಳಾರಿಯಲ್ಲಿತ್ತು!

ಕರಾಚಿಗೂ ಮುಂಬೈಗೂ ನೇರ ದೂರ ಸುಮಾರು 890 ಕಿಲೋಮೀಟರ್. ಮುಂಬೈಯಿಂದ ಬೆಂಗಳೂರಿಗೂ ಹೆಚ್ಚುಕಡಿಮೆ ಇಷ್ಟೇ. ದೆಹಲಿಯೇ ಇದಕ್ಕಿಂತ ದೂರ. ಇಂದಿನ ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ದಾರಿ. 1936ರವರೆಗೆ ಎರಡೂ ಊರುಗಳು ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು.

1947ರ ಗಡಿ ಈ ದಾರಿಯನ್ನು ಒಮ್ಮೆಲೇ ಮುಚ್ಚಲಿಲ್ಲ. 1965ರ ಯುದ್ಧ ಒಮ್ಮೆ ತಡೆಯಿತು, 1971ರದು ಇನ್ನೊಮ್ಮೆ. 1976ರಲ್ಲಿ ಎರಡು ದೇಶಗಳ ನಡುವೆ ಮತ್ತೆ ವಿಮಾನ ಹಾರಿತು. 1982ರಲ್ಲಿ ಎಪ್ಪತ್ತೆಂಟರ ಜೆ.ಆರ್.ಡಿ., ಮೊದಲ ಹಾರಾಟದ ಐವತ್ತನೇ ವರ್ಷಕ್ಕೆಂದು, ಅದೇ ದಾರಿಯಲ್ಲಿ ಪುಟ್ಟ ವಿಮಾನ ಹಾರಿಸಿಕೊಂಡು ಮುಂಬೈಗೆ ಬಂದರು. 2002ರಿಂದ ಎರಡು ವರ್ಷ ಮತ್ತೆ ಹಾರಾಟ ನಿಂತಿತ್ತು. 2017ರಲ್ಲಿ ಕರಾಚಿ–ಮುಂಬೈ ನೇರ ಸೇವೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನೇ ಮುಚ್ಚಿದವು.

ಈಗ ಹೋಗಬೇಕಾದವರು ದುಬೈ ಸುತ್ತಿಕೊಂಡು ಹೋಗಬೇಕು. 890 ಕಿಲೋಮೀಟರ್ 3,100 ದಾಟುತ್ತದೆ. ಎರಡು ಹಾರಾಟ, ನಡುವಿನ ಕಾಯುವಿಕೆ ಎಲ್ಲ ಸೇರಿದರೆ, ಎತ್ತಿನ ಗಾಡಿಯ ಪೆಟ್ರೋಲಿಗೆ ಕಾದು ನಿಂತ 1932ರ ವಿಮಾನವೇ ಬೇಗ ಮುಟ್ಟುತ್ತಿತ್ತೇನೋ. ಸಾರಿಗೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಬರೆಯುತ್ತೇವೆ: ಎಂಜಿನ್ ಬಲವಾದಂತೆ ಊರುಗಳು ಹತ್ತಿರವಾದವು ಎಂದು. ನನ್ನ ಪ್ರಬಂಧದ ಮೊದಲ ಅಧ್ಯಾಯವೂ ಹಾಗೆಯೇ ಇತ್ತು. ಅದನ್ನೀಗ ತಿದ್ದಿ ಬರೆಯುತ್ತಿದ್ದೇನೆ.

ಕರಾಚಿಯ ಆ ಗೆಳತಿಗೆ ನೋಡಬೇಕಾದ ಕಾಗದಪತ್ರ ಮುಂಬೈಯಲ್ಲಿವೆ, ನನಗೆ ಬೇಕಾದವು ಅವರೂರಿನಲ್ಲಿ. ಇಬ್ಬರೂ ಫೋಟೋ ತೆಗೆದು ಕಳಿಸಿಕೊಳ್ಳುತ್ತೇವೆ. ಹೋದ ವಾರ ಬಳ್ಳಾರಿಯ ನಕ್ಷೆಯೊಂದನ್ನು ಕಳಿಸಿದೆ. "ಇಷ್ಟು ಹತ್ತಿರವೇ?" ಎಂದು ಬರೆದಿದ್ದರು. ಉತ್ತರ ಇನ್ನೂ ಬರೆದಿಲ್ಲ.